ಪಾಳಿಯ ಕೊಡ

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರಿಗೆ ಕೊಡಲೆಂದು ಸಂಘಮಿತ್ರಾ ಹಳ್ಳಿಯ ಯುವ ಸಂಘದ ಬಗ್ಗೆ ಎರಡು ಪುಟಗಳ ಪರಿಚಯ ಬರೆದಿದ್ದಳು. ಬೆಳಿಗ್ಗೆ ಕೇಶ್ವಾಪುರದ ಸಂಸ್ಥೆಯ ಆಫೀಸಿನಲ್ಲಿ ಅದರ ಪ್ರತಿ ಕೈಗೆ ಬಂದಾಗ ಒಂದು ಸಾಲು ಮಾಯವಾಗಿತ್ತು. ‘ಪಾಳಿಯ ಕೊಡದ ನೀರನ್ನು ಎಲ್ಲರೂ ಕುಡಿದ ಮೇಲೆಯೇ ಸಭೆ ಶುರು’ ಎಂಬ ಸಾಲು.

“ಸಣ್ಣ ವಿಷಯ ಬಿಡ್ರಿ ಮೇಡಂ,” ಅಂದಿದ್ದರು ಕಾರ್ಯಕ್ರಮದ ಮುಖ್ಯಸ್ಥ ಶಿವಯೋಗೀಶ. “ಎರಡು ಪುಟದಾಗ ಹಿಡೀಲಿಲ್ಲ.”

ಆಗಲೇ ಕೇಳಬೇಕಿತ್ತು, ಕೇಳಲಿಲ್ಲ. ಮಾತನ್ನು ಬಾಯೊಳಗೇ ತೂಗಿ ನೋಡಿ ಬಹಳ ಸಲ ಅಲ್ಲೇ ಇಟ್ಟುಕೊಳ್ಳುವುದನ್ನು ಒಂಬತ್ತು ವರ್ಷದ ಈ ಕೆಲಸ ಅವಳಿಗೆ ಕಲಿಸಿತ್ತು. ಶಿವಯೋಗೀಶರೂ ಹತ್ತಿದ್ದ ಜೀಪು ಅಮರಗೋಳ ದಾಟಿ ಹಳ್ಳಿಯ ದಾರಿ ಹಿಡಿದಾಗ ಹಿಂದೆ ಕೂತಿದ್ದ ಹೊಸಬರಾದ ವಾಣಿಶ್ರೀಗೂ ಗುರುಪಾದನಿಗೂ ಯುವ ಸಂಘದ ಹೊಲಿಗೆ ತರಗತಿ, ಸಸಿಮಡಿ, ಕಬಡ್ಡಿ ತಂಡ ಎಲ್ಲವನ್ನೂ ಹೇಳಿದಳು. ಕೊಡದ ಸಂಗತಿಯನ್ನು ಮಾತ್ರ ಕಣ್ಣಾರೆ ನೋಡಲಿ ಎಂದು ಬಿಟ್ಟಳು.

ಸಂಘದಲ್ಲಿ ಇಪ್ಪತ್ತೆರಡು ಹುಡುಗ ಹುಡುಗಿಯರು. ಪ್ರತಿ ಶನಿವಾರ ಒಬ್ಬರು ತಮ್ಮ ಮನೆಯಿಂದ ಒಂದು ಕೊಡ ನೀರು ತರಬೇಕು, ಉಳಿದವರೆಲ್ಲ ಅದನ್ನು ಒಂದೇ ಲೋಟದಲ್ಲಿ ಕುಡಿಯಬೇಕು. ಅವತ್ತು ಶೇವಂತೆವ್ವನ ಮಗಳು ಸೌಮ್ಯಾಳ ಪಾಳಿ. ಹಳ್ಳದಾಚೆಯ ಕೇರಿಯಿಂದ ಸಂಘಕ್ಕೆ ಬಂದ ಮೊದಲನೆಯವಳು ಅವಳು. ದೀಪಾವಳಿಯಾದ ಮೇಲೆ ಸೇರಿದವಳಿಗೆ ಪಾಳಿ ಬರುವಷ್ಟರಲ್ಲಿ ಬೇಸಿಗೆಯೇ ಬಂದಿತ್ತು. “ಹೊಸಾ ಕೊಡ ತಗೊಂಡೇನ್ರಿ ಅಕ್ಕಾ,” ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದಳು.

ಇವರು ಒಳಗೆ ಹೋದಾಗ ಸಭೆ ನಡೆಯುವ ಪಡಸಾಲೆಯ ಮೂಲೆಯಲ್ಲಿ ಕೊಡ ಆಗಲೇ ಕೂತಿತ್ತು. ಸೌಮ್ಯಾ ಲೋಟ ಹಿಡಿದು ಅದರ ಪಕ್ಕ ನಿಂತಿದ್ದಳು. ಅಷ್ಟರಲ್ಲಿ ಗುರುಪಾದ ಜೀಪಿನಿಂದ ಒಂದು ದೊಡ್ಡ ರಟ್ಟಿನ ಡಬ್ಬಿ ಹೊತ್ತು ತಂದು ಜಮಖಾನದ ಮೇಲಿಟ್ಟು ಹರಿದ. ಒಳಗೆಲ್ಲ ನೀರಿನ ಬಾಟಲಿಗಳು.

“ಬಿಸಲು ಭಾಳ ಐತಿ, ತಗೋರಿ,” ಎಂದು ಖುಷಿಯಿಂದ ಹಂಚತೊಡಗಿದ.

ಸಂಘಮಿತ್ರಾ ಮುಖಗಳನ್ನು ನೋಡಲಿಲ್ಲ, ಕೈಗಳನ್ನು ನೋಡಿದಳು. ಸರ್ಟಿಫಿಕೇಟಿಗೂ ಇಷ್ಟು ಲಗುಬಗೆಯಿಂದ ಚಾಚದ ಕೈಗಳು. ಮುಚ್ಚಳಗಳು ಒಂದಾದ ಮೇಲೊಂದು ಲಟಲಟ ಎಂದವು. ಸೌಮ್ಯಾ ಲೋಟವನ್ನು ಬಲಗೈಯಿಂದ ಎಡಗೈಗೆ ಬದಲಿಸಿದಳು.

“ಯಾರು ತರಿಸಿದ್ರು ಇವನ್ನ?” ಎಂದಳು ಸಂಘಮಿತ್ರಾ.

“ಸರ್ ಹೇಳಿದ್ರಿ. ನಿನ್ನೇನ ಹೇಳಿದ್ರು,” ಅಂದ ಗುರುಪಾದ.

ನಿನ್ನೆಯೇ. ಸಂಘಮಿತ್ರಾ ಬಾಗಿಲಲ್ಲಿ ನಿಂತಿದ್ದ ಶಿವಯೋಗೀಶರ ಹತ್ತಿರ ಹೋದಳು.

“ಇವತ್ತು ಯಾರ ಪಾಳಿ ಅಂತ ನಿಮಗ ಗೊತ್ತಿತ್ತು ಸರ್.”

“ಮುರುಗೆಪ್ಪನವರು ಫೋನ್ ಮಾಡಿದ್ರು,” ಅಂದರು ಅವರು ದನಿ ತಗ್ಗಿಸಿ. “ಈ ಪಡಸಾಲಿ ಅವರದು. ಹುಡುಗರು ಕುಡೀದಿದ್ರ ಆ ಹುಡುಗೀಗೇ ಅವಮಾನ. ನಾ ಆಕಿ ಮಾನಾ ಉಳಿಸೇನಿ, ತಿಳಕೋರಿ. ಕೊಡಾನೂ ಇರ್ಲಿ, ಬಾಟ್ಲಿನೂ ಇರ್ಲಿ. ಬೇಕಾದವರು ಬೇಕಾದ್ದು ಕುಡೀತಾರ.”

ಸಂಘಮಿತ್ರಾ ಕಲಿತ ಶಾಲೆಯಲ್ಲಿಯೂ ಯಾರೂ ಅವಳನ್ನು ಬೈದಿರಲಿಲ್ಲ. ಬೊಗಸೆ ಒಡ್ಡಿದರೆ ಎತ್ತರದಿಂದ ನೀರು ಸುರಿಯುತ್ತಿದ್ದರು, ನಗುನಗುತ್ತಲೇ, ‘ಸಾಕೇನವ್ವಾ’ ಎಂದು ಕೇಳಿ. ಆ ನೀರು ಮೊಣಕೈವರೆಗೆ ಹರಿದು ಅಂಗಿಯ ತೋಳು ತೋಯುತ್ತಿತ್ತು. ಅವತ್ತಿನಿಂದ ನುಂಗಿಟ್ಟುಕೊಂಡದ್ದೆಲ್ಲ ಈಗ ಗಂಟಲಿಗೆ ಬಂತು.

“ಹಂಗಾರ ನೀವ ಮೊದಲ ಕುಡೀರಿ.”

“ನನಗ ಗಂಟಲ ಹಿಡದೈತ್ರಿ.”

ಅವರ ಕೈಯಲ್ಲಿದ್ದ ಬಾಟಲಿ ಅರ್ಧ ಖಾಲಿಯಾಗಿತ್ತು. “ಬಾಟ್ಲಿ ನೀರ ಇಳಿಯೋ ಗಂಟಲಾಗ ಕೊಡದ ನೀರ ಇಳಿಯಂಗಿಲ್ಲ, ಹೌದಿಲ್ರಿ?”

ಶಿವಯೋಗೀಶರ ಮುಖ ಬಿಗಿಯಿತು. “ಈ ತಿಂಗಳ ಆಖೇರಿಗೆ ನಿಮ್ಮ ನೇಮಕಾತಿ ಮತ್ತ ಕಮಿಟಿ ಮುಂದ ಬರತೈತಿ. ನೆನಪಿರಲಿ.”

ಅವಳಿಗೆ ಅದು ನೆನಪಿಲ್ಲದ ದಿನವೇ ಇರಲಿಲ್ಲ. ಆದರೂ ಒಳಗೆ ಹೋಗಿ ಸೌಮ್ಯಾಳ ಲೋಟದಲ್ಲಿ ತಾನು ನೀರು ಕುಡಿದು, ಜಮಖಾನದ ಮೇಲೆ ಕೂತು, ರಿಜಿಸ್ಟರನ್ನು ತೆರೆಯದೆ ತೊಡೆಯ ಮೇಲಿಟ್ಟುಕೊಂಡಳು.

“ಹೊಸಬರಿಗೆ ಪರಿಚಯ ಮಾಡಿಸೋದೈತಿ,” ಅಂದಳು. “ಕಾಗದದಾಗ ಒಂದು ಸಾಲು ಬಿಟ್ಟಹೋಗೈತಿ, ಈಗ ಹೇಳತೇನಿ. ಪಾಳಿ ಕೊಡದ ನೀರು ಎಲ್ಲಾರೂ ಕುಡಿಯೋತನಕ ಇಲ್ಲಿ ಸಭಿ ಇಲ್ಲ. ಬಾಟ್ಲಿ ಕೆಳಗಿಡ್ರಿ.”

ಯಾರ ಬಾಟಲಿಯೂ ಕೆಳಗಿಳಿಯಲಿಲ್ಲ. ಕೊನೆಗೆ ವಾಣಿಶ್ರೀ ಎದ್ದು ಬಂದು ಲೋಟಕ್ಕೆ ತುಟಿ ಹಚ್ಚಿ ಕುಡಿದಳು. ಗುರುಪಾದ ಕಿವಿ ಕೆಂಪಗೆ ಮಾಡಿಕೊಂಡು ಕುಡಿದ. “ನಮಗ ಗೊತ್ತಿದ್ದಿಲ್ಲವ್ವಾ,” ಎಂದು ಸೌಮ್ಯಾಳಿಗಷ್ಟೇ ಕೇಳುವಂತೆ ಹೇಳಿದ. ಸಂಘದ ಸದಸ್ಯೆ ಫಿಜಾ ಗಟಗಟ ಕುಡಿದು ಸೆರಗಿನಿಂದ ಬಾಯಿ ಒರೆಸಿಕೊಂಡಳು. “ನನ್ನ ಪಾಳ್ಯಾಗೂ ಮೊದಲ ಹಿಂಗ ನೋಡಕೋತ ಕುಂತಿದ್ರಿ. ಕುಡದು ಯಾರರ ಸತ್ತೀರೇನ್?”

ಕೆಲವರು ನಕ್ಕರು, ಕೆಲವರು ಎದ್ದರು. ಒಂಬತ್ತು ಮಂದಿ ಸದಸ್ಯರು ಕುಡಿದ ಮೇಲೆ ಸಾಲು ನಿಂತಿತು. ಸಂಘದ ಕಾರ್ಯದರ್ಶಿ ಸೌಂದರ್ಯಾ, ಮುರುಗೆಪ್ಪನವರ ಮೊಮ್ಮಗಳು, ಬಾಟಲಿಯ ಮುಚ್ಚಳವನ್ನು ಬೆರಳಲ್ಲಿ ತಿರುವುತ್ತ ಕೂತೇ ಇದ್ದಳು.

“ಮನ್ಯಾಗ ಬೈತಾರ್ರಿ ಅಕ್ಕಾ.”

“ಬಿಡ್ರಿ ಅಕ್ಕಾ,” ಅಂದಳು ಸೌಮ್ಯಾ. “ಸಭಿ ಇವತ್ತು ಬ್ಯಾಡ.”

ಶಿವಯೋಗೀಶ ಉಸಿರು ಬಿಟ್ಟರು. “ನೋಡ್ರಿ, ಆಕೀಗಿದ್ದ ತಿಳುವಳಿಕಿ ನಿಮಗಿಲ್ಲ.”

“ತಿಳುವಳಿಕಿ ಅಲ್ರಿ ಸರ್,” ಅಂದಳು ಸೌಮ್ಯಾ, ಲೋಟವನ್ನು ಕೊಡದ ಮೇಲೆ ಬೋರಲು ಹಾಕುತ್ತ. “ನನ್ನ ಪಾಳಿ ಮುಗದಿಲ್ಲ. ಬರೋ ಶನಿವಾರ ಮತ್ತ ತರತೇನಿ, ಅದರ ಆಚಿ ಶನಿವಾರನೂ ತರತೇನಿ. ಎಲ್ಲಾರೂ ಕುಡಿಯೋತನಕ ಪಾಳಿ ನಂದ.”

ಕೊಡವನ್ನು ಟೊಂಕಕ್ಕೆ ಇಟ್ಟುಕೊಂಡು, ಶಿವಯೋಗೀಶರು ಬಾಗಿಲು ಬಿಟ್ಟು ಸರಿಯುವವರೆಗೆ ಎದುರಿಗೇ ನಿಂತಿದ್ದು, ಹೊರಗೆ ಹೋದಳು.

ಸಂಘಮಿತ್ರಾ ರಿಜಿಸ್ಟರ್ ತೆರೆದಳು. ಸಭೆ ನಡೆಯದ ದಿನ ‘ಕಾರಣಾಂತರಗಳಿಂದ’ ಎಂದು ಬರೆದು ಮುಗಿಸುವುದು ಅವಳ ರೂಢಿ. ಪೆನ್ನು ಆ ಪದದ ಹತ್ತಿರ ಬಂದು ನಿಂತಿತು. ಆಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಳು: ‘ಹನ್ನೆರಡು ಮಂದಿ ಸದಸ್ಯರು ಹಾಗೂ ಕಾರ್ಯಕ್ರಮದ ಮುಖ್ಯಸ್ಥರು ಸೌಮ್ಯಾಳ ಮನೆಯ ನೀರು ಕುಡಿಯದ ಕಾರಣ ಸಭೆ ನಡೆಯಲಿಲ್ಲ.’ ಈ ಪುಟದ ಪ್ರತಿ ಕಮಿಟಿಗೆ ಹೋಗುತ್ತದೆ. ರಿಜಿಸ್ಟರನ್ನು ಶಿವಯೋಗೀಶರ ಮುಂದೆ ಹಿಡಿದಳು.

ಅವರು ಎರಡು ಸಲ ಓದಿದರು. “ಇದನ್ನ ಬರೀಬಾರದಿತ್ತು ಮೇಡಂ.”

“ಒಂದ ಸಾಲು ಸರ್,” ಅಂದಳು. “ಪುಟದಾಗ ಹಿಡೀತು. ಸಹಿ ಮಾಡ್ರಿ.”