ಮೇಲಂತಸ್ತಿನ ನೆರೆ

ನಮ್ಮೂರು ಮೊಂತ್ರೇವ್‌ನಲ್ಲಿ ಲ್ವಾರ್ ನದಿ ಎಷ್ಟು ಎತ್ತರಕ್ಕೆ ಉಕ್ಕಿತ್ತು ಎಂದು ತಿಳಿಯಬೇಕಾದರೆ ತಲೆ ಎತ್ತಿ ನೋಡಬೇಕು. ದೋಣಿಕಟ್ಟೆ ಬೀದಿಯ ಮೂಲೆಯಲ್ಲಿ ಸೋಲಾಂಜಮ್ಮನ ಮನೆ ಇದೆ. ಅದರ ಮೇಲಂತಸ್ತಿನ ಕಿಟಕಿಯ ಪಕ್ಕ ಗೋಡೆಯಲ್ಲಿ ಒಂದು ಬಿಳಿಕಲ್ಲು. ಕಲ್ಲಿನ ಮೇಲೆ ಒಂದು ಅಡ್ಡಗೆರೆ, 1856 ಎಂಬ ಇಸವಿ, 'ನೀರು ಇಲ್ಲಿಗೆ ಬಂತು' ಎಂಬ ಮಾತು. ಆಚೆ ದಡದ ಕೂರ್ಸೆ ಊರಿನಲ್ಲೂ ಅದೇ ನೆರೆಯ ಕಲ್ಲಿದೆ. ಅದು ಮಾಂಸದಂಗಡಿಯ ಗೋಡೆಯಲ್ಲಿ, ನಾಯಿ ಕಾಲೆತ್ತುವ ಎತ್ತರದಲ್ಲಿದೆ. ನದಿ ಒಂದೇ, ನೆರೆ ಬಂದ ದಿನವೂ ಒಂದೇ, ದಡಗಳೆರಡೂ ಒಂದೇ ಮಟ್ಟ. ಹಾಗಿದ್ದರೆ ನೀರು ಈ ಕಡೆ ಅಷ್ಟು ಮೇಲೆ, ಆ ಕಡೆ ಇಷ್ಟು ಕೆಳಗೆ ನಿಂತದ್ದು ಹೇಗೆ ಎಂದು ಯಾರಾದರೂ ಕೇಳಿದರೆ ನಮ್ಮವರು ತಬ್ಬಿಬ್ಬಾಗುವುದಿಲ್ಲ. ಅಂದು ನದಿ ವಾಲಿಕೊಂಡಿತ್ತು ಎನ್ನುತ್ತಾರೆ. ಕೂರ್ಸೆಯವರ ಕಡೆ ಹೋಗಲು ನೀರಿಗೂ ಮನಸ್ಸಿರಲಿಲ್ಲ ಎಂದು ಸೇರಿಸುತ್ತಾರೆ.

ನಿಜ ಸಂಗತಿ ಎಲ್ಲರಿಗೂ ಗೊತ್ತು. ಯಾರೂ ಅದನ್ನು ಮುಚ್ಚಿಟ್ಟಿಲ್ಲ. ಕಲ್ಲು ಮೊದಲು ಅದೇ ಗೋಡೆಯಲ್ಲಿ, ಮೊಣಕಾಲೆತ್ತರದಲ್ಲಿತ್ತು. ವೈನ್ ಪೀಪಾಯಿಗಳ ಲಾರಿಗಳು ಆ ಮೂಲೆಯಲ್ಲಿ ತಿರುಗುವಾಗಲೆಲ್ಲ ಅದಕ್ಕೆ ಉಜ್ಜಿಕೊಂಡು ಹೋಗುತ್ತಿದ್ದವು. ಕಲ್ಲು ಒಡೆದೀತು ಎಂದು ಊರಿನ ಪರಂಪರೆ ಸಂಘದವರು ಹೆದರಿದರು. ಅದನ್ನು ಕಿತ್ತು, ಯಾವ ಲಾರಿಗೂ ಎಟುಕದ ಎತ್ತರದಲ್ಲಿ ಭದ್ರವಾಗಿ ಕೂರಿಸಿದರು. ಬ್ಯಾಂಡ್ ಬಾರಿಸಿತು. ಅಂದಿನ ಮೇಯರ್ ಏಣಿಯ ಮೇಲೆ ನಿಂತೇ ಟೇಪು ಕತ್ತರಿಸಿದರು. ಆಗಷ್ಟೇ ಮದುವೆಯಾಗಿ ಆ ಮನೆಗೆ ಬಂದಿದ್ದ ಸೋಲಾಂಜಮ್ಮ ಎಲ್ಲರಿಗೂ ಬಿಳಿ ವೈನ್ ಹಂಚಿದರು. ಕಲ್ಲು ಹೇಳುವುದೇ ತನ್ನ ಎತ್ತರವನ್ನು ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಸರ್ಕಾರ ಅದನ್ನು ಸಂರಕ್ಷಿತ ಸ್ಮಾರಕ ಎಂದು ಘೋಷಿಸಿತು, ಇದ್ದ ಜಾಗದಲ್ಲೇ.

ಇದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಸೋಲಾಂಜಮ್ಮ ಕಳೆದ ಚಳಿಗಾಲದಲ್ಲಿ ಸೊಂಟ ಮುರಿದುಕೊಳ್ಳುವವರೆಗೆ. ಇನ್ನು ಮೆಟ್ಟಿಲು ಹತ್ತಕೂಡದು ಎಂದು ಡಾಕ್ಟರು ಹೇಳಿದರು. ಅವರ ಮಲಗುವ ಕೋಣೆ ಇದ್ದದ್ದು ಮೇಲೆ. ಕೆಳಗೆ ಗಂಡನ ಕಾಲದ ಮೀನುಬಲೆ ಅಂಗಡಿ ಖಾಲಿ ಬಿದ್ದಿತ್ತು. ಅಲ್ಲೇ ಮಂಚ ಹಾಕಿ, ಪಕ್ಕದಲ್ಲಿ ಒಂದು ಬಚ್ಚಲು ಕಟ್ಟಿಸಿದರೆ ಮುಗಿಯಿತು ಎಂದುಕೊಂಡೆವು. ಆಗದಿದ್ದರೆ ಗುಡ್ಡದ ಮೇಲಿನ ವೃದ್ಧಾಶ್ರಮಕ್ಕೆ ಹೋಗಬೇಕು. ಆ ಕಟ್ಟಡದ ಕಿಟಕಿಗಳೆಲ್ಲ ಹೆದ್ದಾರಿಗೆ ಮುಖ ಮಾಡಿವೆ, ಒಂದರಿಂದಲೂ ನದಿ ಕಾಣುವುದಿಲ್ಲ. ಅಲ್ಲಿಗೆ ಹೋದರೆ ತಾನು ಬ್ರೆಡ್ಡು ಮುಟ್ಟುವುದಿಲ್ಲ ಎಂದು ಸೋಲಾಂಜಮ್ಮ ಮೊದಲೇ ಹೇಳಿಬಿಟ್ಟಿದ್ದರು, ಮತ್ತು ಅವರು ಹೇಳಿದ್ದನ್ನು ಮಾಡುವವರು.

ಅನುಮತಿ ಸಿಗಲಿಲ್ಲ. ನೆರೆಯ ಗುರುತಿಗಿಂತ ಕೆಳಗೆ ಹೊಸದಾಗಿ ಮಲಗುವ ಕೋಣೆ ಮಾಡುವಂತಿಲ್ಲ ಎಂಬ ನಿಯಮವಿತ್ತು.

ಪರಂಪರೆ ಸಂಘಕ್ಕೆ ಈಗ ನಾನೇ ಕಾರ್ಯದರ್ಶಿ. ಸಂಜೆ ತರಗತಿಯಲ್ಲಿ ಮೂರು ಚಳಿಗಾಲ ಇತಿಹಾಸ ಓದಿದ್ದೇನೆ ಎಂಬುದಷ್ಟೇ ಅದಕ್ಕೆ ಕಾರಣ. ಸಂಘ ಮಾಡಿದ್ದನ್ನು ಸಂಘವೇ ಸರಿಪಡಿಸಬೇಕು ಅನ್ನಿಸಿ ನೆರೆ ಇಲಾಖೆಗೆ ಫೋನ್ ಮಾಡಿದೆ. ಜಿಲ್ಲಾ ಕೇಂದ್ರದಿಂದ ಮದಾಮ್ ಲೆಸ್ಕ್ಯೂರ್ ಎಂಬ ಅಧಿಕಾರಿ ಮಡಚುವ ಅಳತೆಕೋಲು ಹಿಡಿದು ಬಂದರು. ಒಳ್ಳೆಯ ಹೆಂಗಸು. ಸೋಲಾಂಜಮ್ಮ ಕೊಟ್ಟ ಮೇಕೆ ಚೀಸನ್ನು ತಿಂದು, ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಲಾರಿ, ಏಣಿ, ಬ್ಯಾಂಡು ಎಲ್ಲವನ್ನೂ ನಂಬಿದರು ಕೂಡ.

"ಆದ್ರೆ ಮದಾಮ್, ನಾನು ಓದ್ಬೇಕಾಗಿರೋದು ಕಲ್ಲನ್ನ," ಎಂದರು.

"ಕಲ್ಲು ಸುಳ್ಳು ಹೇಳ್ತಿದೆ ಅಂತ ತಾನೇ ನಾವು ಹೇಳ್ತಿರೋದು?" ಎಂದರು ಸೋಲಾಂಜಮ್ಮ.

"ಅದು ಸಂರಕ್ಷಿತ ಕಲ್ಲು. ಸುಳ್ಳು ಹೇಳೋ ಅಧಿಕಾರ ಅದಕ್ಕಿಲ್ಲ."

ಹಾಗಾದರೆ ಕಲ್ಲನ್ನು ಕೆಳಗಿಳಿಸೋಣ ಎಂದೆ. ಸ್ಮಾರಕವನ್ನು ಬೆರಳಷ್ಟು ಸರಿಸಿದರೂ ಜೈಲು ಎಂದು ಆಕೆ ನಯವಾಗಿ ತಿಳಿಸಿದರು. ಸೋಲಾಂಜಮ್ಮ ಕೋಲೂರಿಕೊಂಡು ಖಾಲಿ ಅಂಗಡಿಯ ನಡುವೆ ನಿಂತು ನನ್ನ ಕಡೆ ತಿರುಗಿದರು.

"ನನ್ನ ಮನೇಲಿ ನಾನೆಲ್ಲಿ ಮಲಗ್ಬೇಕು ಅಂತ ಸತ್ತುಹೋದ ನೀರನ್ನ ಕೇಳ್ಬೇಕೇನೇ, ನಾದೆಜ್?"

ಆ ವಾರವಿಡೀ ನನಗೆ ಊಟ ಸೇರಲಿಲ್ಲ.

ಕೊನೆಗೆ ವಿಷಯ ಪುರಸಭೆಯ ಮುಂದೆ ಬಂತು. ಮದಾಮ್ ಲೆಸ್ಕ್ಯೂರ್ ಕೂಡ ಬಂದು ಕೂತರು. ಸೋಲಾಂಜಮ್ಮನನ್ನು ಕುರ್ಚಿ ಸಮೇತ ಎತ್ತಿಕೊಂಡು ಬಂದೆವು. ಮೇಯರ್ ಪೆರ್ದ್ರಿಯೋ ನನ್ನನ್ನು ಎಬ್ಬಿಸಿ ಸಂಘದ ಅಭಿಪ್ರಾಯ ಕೇಳಿದರು. ಕಲ್ಲು ಸ್ಥಳಾಂತರಗೊಂಡದ್ದು, ನಿಜವಾಗಿ ನೀರು ಬಂದದ್ದು ಮೊಣಕಾಲಿನವರೆಗೆ ಮಾತ್ರ ಎಂಬುದು, ಎಲ್ಲವನ್ನೂ ಹೇಳಿದೆ. ಯಾರೂ ವಿರೋಧಿಸಲಿಲ್ಲ. ಚೆನ್ನಾಗಿ ಹೇಳಿದೆ ಎಂದು ಇಬ್ಬರು ಮೆಚ್ಚಿಕೊಂಡರು.

"ಅದೆಲ್ಲ ನಮಗೂ ಗೊತ್ತಮ್ಮ," ಎಂದರು ಮೇಯರ್. "ನಿಜ ಏನು ಅನ್ನೋದು ಇವತ್ತಿನ ಪ್ರಶ್ನೆಯಲ್ಲ. ಸೋಲಾಂಜಮ್ಮ ಎಲ್ಲಿ ಮಲಗ್ತಾರೆ ಅನ್ನೋದು ಪ್ರಶ್ನೆ."

ಕಲ್ಲನ್ನು ಇಳಿಸಲು ಸರ್ಕಾರದ ಒಪ್ಪಿಗೆ ಕೇಳಬಹುದಲ್ಲ ಎಂದು ಒಬ್ಬರು ಗೊಣಗಿದರು. ಸಭೆ ತಣ್ಣಗಾಯಿತು. ಊರಿನ ವೈನ್ ಬಾಟಲಿಯ ಮೇಲೆ ಆ ಕಿಟಕಿ, ಆ ಕಲ್ಲಿನ ಚಿತ್ರವಿದೆ. ಇಳಿಸಿದರೆ ನಮ್ಮ ನೆರೆಯೂ ಕೂರ್ಸೆಯ ನೆರೆಯೂ ಒಂದೇ ಮಟ್ಟಕ್ಕೆ ಬರುತ್ತವೆ. ಕೂರ್ಸೆಯವರಿಗೆ ಸಮನಾಗುವುದನ್ನು ಯೋಚಿಸಿಯೇ ಕೆಲವರಿಗೆ ಎದೆ ಭಾರವಾಯಿತು. ಆಗಲೇ ಪ್ರವಾಸಿಗರ ದೋಣಿ ನಡೆಸುವ ಅನ್ಸೆಲ್ಮ್ ಕೈ ಎತ್ತಿದ. ಅವನು ಪುರಸಭೆ ಸದಸ್ಯನಾದಾಗಿನಿಂದ ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ.

"ಆ ಕಲ್ಲು ನೀರು ಇಲ್ಲಿಗೆ ಬಂತು ಅನ್ನುತ್ತೆ. ಅಂದ್ರೆ ಮೇಲಕ್ಕೆ. ಕೆಳಗೂ ಬಂತು ಅಂತ ಎಲ್ಲಿ ಬರೆದಿದೆ?"

ಯಾರೂ ನಗಲಿಲ್ಲ. ಮದಾಮ್ ಲೆಸ್ಕ್ಯೂರ್ ಕನ್ನಡಕ ಹಾಕಿಕೊಂಡು ಕಡತದಲ್ಲಿದ್ದ ಕಲ್ಲಿನ ಚಿತ್ರವನ್ನು ಹತ್ತಿರದಿಂದ ನೋಡಿದರು. ಬರೆದಿಲ್ಲ ಎಂದು ಒಪ್ಪಿಕೊಂಡರು.

ಕೆಳಗೆ ನೀರಿಲ್ಲದೆ ಮೇಲೆ ನೀರು ನಿಲ್ಲಲಾರದು ಎಂದು ನಾನು ಹೇಳಲೇಬೇಕಾಯಿತು. ಇಲ್ಲದಿದ್ದರೆ ಅಂದು ನಿದ್ದೆ ಬರುತ್ತಿರಲಿಲ್ಲ.

"ವಾಲ್ಕೊಂಡು ನಿಂತಿದ್ದ ನದಿ ಕಣಮ್ಮ ಅದು," ಎಂದರು ಮೇಯರ್. "ತೇಲ್ಕೊಂಡು ನಿಲ್ಲೋಕೆ ಅದಕ್ಕೇನು ಕಷ್ಟ?"

ಆಮೇಲೆ ಮದಾಮ್ ಲೆಸ್ಕ್ಯೂರ್ ನನ್ನತ್ತ ತಿರುಗಿದರು. ಇಲಾಖೆಗೆ ಊಹೆ ಬೇಡ, ಸಂಘದ ಮಾತು ಬೇಕು ಎಂದರು. "ನೀವು ಓದಿದವರು. ಆ ಮನೆ ಕೆಳಗಡೆ ನೀರು ಬಂದಿತ್ತು ಅನ್ನೋಕೆ ಇವತ್ತು ಏನಾದ್ರೂ ಗುರುತಿದೆಯಾ? ಒಂದೋ ಇದೆ ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ."

ಕಲ್ಲು ಮೊದಲು ಇದ್ದ ಜಾಗವನ್ನು ನಾನು ನೂರು ಸಲ ನೋಡಿದ್ದೇನೆ. ಸಂಘದವರು ಅಲ್ಲಿ ಅಷ್ಟೇ ಅಳತೆಯ ಒಂದು ಬೋಳುಕಲ್ಲನ್ನು ಕೂರಿಸಿದ್ದಾರೆ. ಗೋಡೆಗೆ ಎರಡು ಬಾರಿ ಸುಣ್ಣ ಬಳಿದಿದೆ. ಒಳಗೆ ನೆಲ ಬದಲಾಗಿದೆ. ಸಂಜೆ ತರಗತಿಯ ಮೇಷ್ಟರು ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಗುರುತಿದ್ದರೆ ಇದೆ ಎನ್ನಬೇಕು, ಇಲ್ಲದಿದ್ದರೆ ಇಲ್ಲ ಎನ್ನಬೇಕು, ಆಸೆಗೆ ಅಲ್ಲಿ ಕೆಲಸವಿಲ್ಲ. ನಾನು ಸೋಲಾಂಜಮ್ಮನನ್ನು ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ಕೋಲಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ನೆಲ ನೋಡುತ್ತಿದ್ದರು.

"ಇಲ್ಲ," ಎಂದೆ. "ಕೆಳಗೆ ಗುರುತಿಲ್ಲ."

ಅದು ನಿಜ. ಅಕ್ಷರ ಅಕ್ಷರವೂ ನಿಜ. ಹಾಗಿದ್ದೂ ಅದನ್ನು ಹೇಳಿದ ಮೇಲೆ ಮುಖ ತೊಳೆದುಕೊಳ್ಳಬೇಕು ಅನ್ನಿಸಿತು.

ನಿರ್ಣಯ ಸರ್ವಾನುಮತದಿಂದ ಅಂಗೀಕಾರವಾಯಿತು. ಅದರ ಪ್ರಕಾರ 1856ರ ನೆರೆ ದೋಣಿಕಟ್ಟೆ ಬೀದಿಯ ಮೇಲಂತಸ್ತುಗಳಿಗೆ ಮಾತ್ರ ನುಗ್ಗಿತ್ತು, ಕೆಳಗಿನ ಕೋಣೆಗಳು ಒಣಗಿಯೇ ಇದ್ದವು. ಸೋಲಾಂಜಮ್ಮ ಕೆಳಗೆ ಧಾರಾಳವಾಗಿ ಮಲಗಬಹುದು. ಹಾಗೆಯೇ, ಇನ್ನು ಮುಂದೆ ಆ ಬೀದಿಯ ಮೇಲಂತಸ್ತುಗಳಲ್ಲಿ ಯಾರೂ ಮಲಗುವಂತಿಲ್ಲ. ಇದು ಮದಾಮ್ ಲೆಸ್ಕ್ಯೂರ್ ಸೇರಿಸಿದ ಷರತ್ತು. ನಿಯಮವೆಂದರೆ ಎರಡೂ ಕಡೆ ನಿಯಮವೇ ಎಂದರು.

ತಿಂಗಳೊಳಗೆ ಬೀದಿಯವರೆಲ್ಲ ಮಂಚಗಳನ್ನು ಕೆಳಗಿಳಿಸಿದರು. ಹಾದಿಹೋಕರು ಕಿಟಕಿಯಿಂದ ಇಣುಕಿ, ಇನ್ನೂ ಹಾಸಿಗೆಯಲ್ಲಿದ್ದವರಿಗೆ ಶುಭೋದಯ ಹೇಳತೊಡಗಿದರು. ಪುರಸಭೆಯೂ ಅದೇ ಬೀದಿಯಲ್ಲಿರುವುದರಿಂದ ಮೇಯರ್ ತಮ್ಮ ಮೇಲಿನ ಕಚೇರಿಯಲ್ಲಿ ಒಂದು ಜೀವರಕ್ಷಕ ಟ್ಯೂಬು ನೇತುಹಾಕಿಸಿದರು. ಮಧ್ಯಾಹ್ನದ ನಿದ್ದೆಗೆ ಅವರು ಕೆಳಗೆ ಗುಮಾಸ್ತೆಯ ಬೆಂಚಿಗೆ ಬರಬೇಕಾಯಿತು. ಸುದ್ದಿ ಆಚೆ ದಡಕ್ಕೂ ಮುಟ್ಟಿತು. ಪರಂಪರೆ ದಿನದಂದು ಕೂರ್ಸೆಯಿಂದ ಒಂದು ತಂಡವೇ ಸೇತುವೆ ದಾಟಿ ಬಂತು. ಕಲ್ಲಿನ ಕೆಳಗೆ ನಿಂತು ನಾನು ಊರಿನ ನಿರ್ಣಯವನ್ನು ಓದಿ ಹೇಳಿದೆ. ಕಲ್ಲು ಮೊದಲಿದ್ದ ಜಾಗವನ್ನೂ ಬೆರಳಿಟ್ಟು ತೋರಿಸಿದೆ. ಅದನ್ನು ಯಾರೂ ನೋಡಲಿಲ್ಲ. ಅವರ ಉಪಮೇಯರ್ ತುಂಬ ಹೊತ್ತು ಮೇಲೆ ನೋಡಿ ನಿಟ್ಟುಸಿರುಬಿಟ್ಟರು. ತಮ್ಮ ಕಡೆ ಮಾತ್ರ ನೀರು ಎಲ್ಲರ ಹಾಗೆ ಕೆಳಗಿನಿಂದಲೇ ಬಂತು ಎಂದರು.

ಬಚ್ಚಲು ಕಟ್ಟುವ ಕೆಲಸ ಮುಗಿದ ದಿನ ಸಂಜೆ ನಾನು ಸೋಲಾಂಜಮ್ಮನನ್ನು ನೋಡಲು ಹೋದೆ. ಬಲೆ ಅಂಗಡಿಯ ದೊಡ್ಡ ಕಿಟಕಿಯ ಪಕ್ಕ ಮಂಚ. ಮಲಗಿದರೆ ನದಿ ಕಾಣುತ್ತದೆ. ಅವರು ಒಂದು ಇಡೀ ಬ್ರೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಮುರಿದು ತಿನ್ನುತ್ತಿದ್ದರು. ನಾನು ಮತ್ತೆ ಸಭೆಯ ವಿಷಯ ಎತ್ತಿದೆ. ಬೇರೆ ರೀತಿ ಹೇಳಬಹುದಿತ್ತೇನೋ, ನಿಯಮ ಬದಲಿಸುವಂತೆ ಕೇಳಬಹುದಿತ್ತೇನೋ ಎಂದೆ.

"ಬಾಯ್ಮುಚ್ಚೇ," ಎಂದರು ಅವರು. "ನಾನು ಇಲ್ಲಿದ್ದೀನಿ. ಇದಕ್ಕಿಂತ ಬೇರೆ ಗುರುತು ಬೇಕಾ ನಿನಗೆ?"

ಸ್ವಲ್ಪ ಹೊತ್ತಿನ ಮೇಲೆ ಚಳಿಯೆಂದು ಹೆಗಲು ಸವರಿಕೊಂಡರು. ಉಣ್ಣೆಯ ಹೊದಿಕೆ ಮೇಲಿನ ಕೋಣೆಯಲ್ಲೇ ಉಳಿದಿದೆ, ತಂದುಕೊಡು ಎಂದರು. ಮೆಟ್ಟಿಲ ಬುಡದಲ್ಲಿ ಪುರಸಭೆಯವರು ಅಡ್ಡಕ್ಕೆ ಒಂದು ಹಗ್ಗ ಕಟ್ಟಿದ್ದರು. ಅದನ್ನು ದಾಟಿ ಹತ್ತತೊಡಗಿದೆ. ಅರ್ಧ ಹತ್ತುವವರೆಗೆ ಎಲ್ಲ ಸರಿಯಿತ್ತು. ಆಮೇಲೆ ಗೋಡೆಯಾಚೆ ಆ ಕಲ್ಲಿನ ಗೆರೆ ಎಲ್ಲಿ ಬರುತ್ತದೆ ಎಂದು ಲೆಕ್ಕ ಹಾಕುತ್ತ ನಿಂತೆ. ನೀರಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಊರಿನಲ್ಲಿ ಯಾರಿದ್ದಾರೆ? ಆದರೆ ಸಭೆಯಲ್ಲಿ ಎದ್ದು ನಿಂತು, ಕೆಳಗೆ ಗುರುತಿಲ್ಲ ಎಂದು ಮಾತು ಕೊಟ್ಟವಳೂ ನಾನೇ.

ಕೆಳಗಿನಿಂದ ಸೋಲಾಂಜಮ್ಮ, ಏನಾಯ್ತೇ ಎಂದು ಕೂಗಿ ಕೇಳಿದರು. ಏನಿಲ್ಲ ಎಂದೆ. ದೀರ್ಘವಾಗಿ ಉಸಿರೆಳೆದು, ಅದನ್ನು ಬಿಗಿಹಿಡಿದು, ಬಾಯಿ ಮುಚ್ಚಿಕೊಂಡು ಉಳಿದ ಮೆಟ್ಟಿಲುಗಳನ್ನು ಹತ್ತಿದೆ.