ದುಂಡಗೆ ಬರೆದ ಆರು ಹೆಸರು

ನಮ್ಮ ಒಡೆಯ ವೆತ್ತಿದಿಯಸ್ ರೋಮಿನಲ್ಲಿ ಮೂವತ್ತು ವರ್ಷ ನ್ಯಾಯ ಹೇಳಿದವರು. ಊಟಕ್ಕೆ ಕೂತರೆ ಸಾಕು, ಒಡೆಯನೂ ಗುಲಾಮನೂ ಒಂದೇ ಮಣ್ಣು ಎಂದು ಶುರುಮಾಡುತ್ತಿದ್ದರು. ತಟ್ಟೆ ಹಿಡಿದು ನಿಂತ ನಮಗೆ ಕಾಲು ಸೋಲುತ್ತಿತ್ತು. ಆದರೂ ಮನಸ್ಸು ಒಳ್ಳೆಯದು.

ಸಾಯುವ ವಾರ ಮೇಣದ ಹಲಗೆ ತರಿಸಿಕೊಂಡು ತಾವೇ ಉಯಿಲು ಬರೆದರು. ಮನೆಯಲ್ಲಿ ನಾವು ಆರು ಮಂದಿ ಗುಲಾಮರು. ಆರೂ ಹೆಸರನ್ನು ಬಳೆಯ ಹಾಗೆ ದುಂಡಗೆ ಬರೆದು, ನಡುವೆ "ಇವರಿಗೆಲ್ಲ ಬಿಡುಗಡೆ" ಎಂದು ಕೊರೆದು ನನಗೆ ತೋರಿಸಿದರು. ನಾನು ಫಿಲೇರೋಸ್, ಅವರ ಓದುಬರಹದ ಆಳು.

"ನೋಡೋ, ಯಾರೂ ಮೊದಲಲ್ಲ, ಯಾರೂ ಕೊನೆಯಲ್ಲ. ಹೆಂಗಿದೆ?"

"ಬುದ್ಧೀ, ಇದು ನಡೆಯಲ್ಲ. ಕಾನೂನಿನಂತೆ ಉಯಿಲಿನಲ್ಲಿ ಬಿಡುಗಡೆ ಅರ್ಧ ಜನಕ್ಕೆ ಮಾತ್ರ, ಮೊದಲು ಬರೆದ ಮೂವರಿಗೆ. ದುಂಡಗೆ ಬರೆದರೆ ಮೊದಲು ಯಾರು ಅಂತ ಗೊತ್ತಾಗಲ್ಲ, ಆರೂ ಜನಕ್ಕೂ ಬಿಡುಗಡೆ ಇಲ್ಲ. ಇಂಥ ಉಯಿಲನ್ನ ನ್ಯಾಯ ಹೇಳೋವಾಗ ನೀವೇ ಎರಡು ಸಲ ತಳ್ಳಿಹಾಕಿದೀರಿ."

ಮುದುಕರ ಮುಖ ಬಾಡಿತು. ಬದುಕಿರುವಾಗಲೇ ಅಧಿಕಾರಿಯ ಮುಂದೆ ನಿಂತು ಬಿಡಿಸಿದರೆ ಈ ಅರ್ಧದ ಮಿತಿ ಇರಲಿಲ್ಲ; ಆದರೆ ಎದ್ದು ಅಲ್ಲಿಗೆ ಹೋಗುವ ತ್ರಾಣವೂ ಅವರಲ್ಲಿ ಉಳಿದಿರಲಿಲ್ಲ. ಹೆಬ್ಬೆರಳಿನಿಂದ ಮೇಣ ಸವರಿ ಎಲ್ಲವನ್ನೂ ಅಳಿಸಿದರು.

"ಯಾರನ್ನ ಕೈಬಿಡ್ಲಿ ನಾನು? ನನ್ನಿಂದಾಗಲ್ಲ. ನೀನು ಮೂರು ಹೆಸರು ಹೇಳು, ಬರೀತೀನಿ."

"ನಾನಾ ಬುದ್ಧೀ?"

"ಇನ್ಯಾರು, ಗೋಡೆನಾ? ಬೇಗ ಹೇಳು, ಕೈ ನಡುಗ್ತಿದೆ."

ಅಧಿಕಾರ ಸಿಕ್ಕವರೆಲ್ಲ ತಮ್ಮವರನ್ನೇ ನೋಡಿಕೊಳ್ಳುತ್ತಾರೆ, ಥೂ, ಎಂದು ಜೀವನವಿಡೀ ಒಳಗೊಳಗೇ ಬೈದುಕೊಂಡು ಬಂದವನು ನಾನು. ಆಗ ಎಷ್ಟು ಹೊತ್ತು ಯೋಚಿಸಿದೆ ಅಂತೀರಿ? ಒಂದು ಉಸಿರು. ನನ್ನ ಹೆಂಡತಿ ಖ್ರೆಸ್ತೆ, ಮಗಳು ಥಲ್ಲೂಸಾ, ನಾನು. ಮಗಳಿಗೆ ಆರು ವರ್ಷ; ಆಸ್ತಿಗೆ ಬರಲಿದ್ದ ಒಡೆಯರ ತಮ್ಮನ ಮಗ ಆಗಲೇ ಅವಳನ್ನು ಮಾರುವ ಮಾತಾಡುತ್ತಿದ್ದ. ಇನ್ನೇನು ಹೇಳಲಿ ನಾನು? ಬಾಗಿಲು ಕಾಯುವ ದಾಮ, ನೀರು ಕಾಯಿಸುವ ಲೀದಸ್, ಅಡುಗೆಯ ಸೀರಾ ನೆನಪಾಗಲಿಲ್ಲವೆಂದಲ್ಲ. ಚೆನ್ನಾಗಿಯೇ ನೆನಪಾದರು. ತಾಯಿಯಿಲ್ಲದ ನನ್ನನ್ನು ಎತ್ತಿ ಆಡಿಸಿದವಳೇ ಸೀರಾ. ನಾನು ಅವಳನ್ನು ಅವ್ವ ಎಂದೇ ಕರೆಯುತ್ತಿದ್ದೆ.

ಒಡೆಯರು ತೀರಿಕೊಂಡ ಐದನೇ ದಿನ ಸಾಕ್ಷಿಗಳ ಮುಂದೆ ಮುದ್ರೆ ಒಡೆದು ಉಯಿಲು ಓದಿದರು. ಬಿಡುಗಡೆಯಾದವರು ತೊಡುವ ಉಣ್ಣೆಯ ಟೊಪ್ಪಿಗೆ ಹಾಕಿಕೊಂಡು ಅಂಗಳದಲ್ಲಿ ನಿಂತಿದ್ದೆ. ಸೀರಾ ಹಿಟ್ಟಿನ ಕೈಯಲ್ಲೇ ಓಡಿಬಂದು ನನ್ನ ಕೆನ್ನೆ ಹಿಡಿದಳು.

"ನನ್ನ ಕಂದ! ನೀನಾದ್ರೂ ಪಾರಾದ್ಯಲ್ಲೋ!" ನಗುತ್ತಲೇ ಅತ್ತಳು. ಆಮೇಲೆ ದನಿ ತಗ್ಗಿಸಿದಳು. "ಒಂದ್ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಬರೆಯೋವಾಗ ನೀನು ಪಕ್ಕದಲ್ಲೇ ಇದ್ಯಲ್ಲ. ನಲವತ್ತು ವರ್ಷ ಬೇಯಿಸಿ ಹಾಕಿದೀನಪ್ಪ. ನನ್ನ ಹೆಸರು ಎತ್ತಲೇ ಇಲ್ವಾ ಅವರು?"

ಆಗ ನಿಜ ಹೇಳಿದ್ದರೂ ನನ್ನ ಬಿಡುಗಡೆಯನ್ನು ಯಾರೂ ಕಿತ್ತುಕೊಳ್ಳುತ್ತಿರಲಿಲ್ಲ.

"ಮರೆತುಬಿಟ್ರು ಅವ್ವಾ," ಎಂದೆ.

ಅವಳು ನನ್ನ ಕೆನ್ನೆಗೆ ಮೆತ್ತಿದ್ದ ಹಿಟ್ಟನ್ನು ತನ್ನ ಬಟ್ಟೆಯಂಚಿನಿಂದ ಒರೆಸಿದಳು.

"ಪಾಪ, ವಯಸ್ಸಾಗಿತ್ತು," ಎಂದಳು. "ನೀನು ಅವರನ್ನ ಬೈಕೋಬೇಡ, ಆಯ್ತಾ?" ಎಂದು ನಮ್ಮ ದಾರಿಗೆ ರೊಟ್ಟಿ ಕಟ್ಟಿಕೊಡಲು ಒಳಗೆ ಹೋದಳು.