ಗದ್ದುಗೆ ಕಟ್ಟೆಯ ನಡುಕ

ಸುರಪುರದ ಕಡೆ, ಕೃಷ್ಣೆಯ ದಂಡೆಯ ಮೇಲೆ ಒಂದು ಊರು. ನಿಜಾಮರ ರಾಜ್ಯ ಹೋಯಿತು. ಹೈದರಾಬಾದು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದೂ ಆಯಿತು. ಈ ಸುದ್ದಿಯನ್ನು ಆ ಊರಿನ ಸೊಳ್ಳೆಗಳಿಗೆ ಮಾತ್ರ ಯಾರೂ ಮುಟ್ಟಿಸಿರಲಿಲ್ಲ. ಯಾವ ಸರಕಾರ ಬಂದರೂ ಅವು ಹೊತ್ತು ಮುಳುಗಿದ ಕೂಡಲೇ ಕೆಲಸಕ್ಕೆ ಹಾಜರು.

ಊರ ಹೊರಗೆ ಒಬ್ಬ ಗುರುವಿನ ಗದ್ದುಗೆ. ಅದರ ಮುಂದೆ ಬೇವಿನ ಮರ, ಮರದ ಸುತ್ತ ಕಟ್ಟೆ. ಕಟ್ಟೆಯ ಪಕ್ಕದಲ್ಲೇ, ಹೊಳೆ ಇಳಿದ ಮೇಲೆ ನೀರು ನಿಲ್ಲುವ ಒಂದು ಮಡು. ಸೋಮವಾರ, ಅಮಾವಾಸ್ಯೆ ಬಂತೆಂದರೆ ಗಂಡಸರು ಅಲ್ಲಿ ಕೂಡುತ್ತಿದ್ದರು. ಭಂಗಿ ಸೊಪ್ಪು ಅರೆದು ಪಾನಕ ಮಾಡಿ, ಗುರುವಿಗೆ ಎಡೆ ಹಿಡಿದು, ಪ್ರಸಾದವೆಂದು ಕುಡಿದು, ಏಕತಾರಿ ಮೀಟುತ್ತ ತತ್ವಪದ ಹಾಡುತ್ತಿದ್ದರು. ಹಾಡು ನಿಂತ ಮೇಲೆ ಕಣ್ಣು ಮುಚ್ಚಿ ಕೂಡುವುದು. ಕೆಲವರಿಗೆ ಬೆಳಕು ಕಾಣುತ್ತಿತ್ತು, ಕೆಲವರಿಗೆ ಸತ್ತವರ ದನಿ ಕೇಳುತ್ತಿತ್ತು.

ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಮೈಮೇಲೆ ಅಂಗಿ ಇರಬಾರದು, ಸೊಳ್ಳೆ, ಅಲ್ಲಿಯವರ ಮಾತಿನಲ್ಲಿ ಗುಂಗಾಡಿ, ಕೂತರೆ ಕೈ ಎತ್ತಬಾರದು.

“ಗುಂಗಾಡಿ ಕಚ್ಚಿದ್ದು ಗೊತ್ತಾತು ಅಂದ್ರ ನಿನ್ನ ಧ್ಯಾನ ಇನ್ನೂ ಚರ್ಮದ ಮ್ಯಾಲೇ ಅದ ಅಂತ ತಿಳಿ,” ಎನ್ನುತ್ತಿದ್ದ ಮೇಳದ ಹಿರಿಯ ಮರಿಲಿಂಗಪ್ಪ.

ಕುರಿ ಕಾಯುವ ಹುಲಗಪ್ಪ ಒಮ್ಮೆಯೂ ಕೈ ಎತ್ತಿದವನಲ್ಲ. ಅಂಥವನಿಗೆ ದಸರೆ ಕಳೆದ ಮೇಲೆ ನಡುಕ ಶುರುವಾಯಿತು. ಹಲ್ಲು ಕಟಕಟ ಕಡಿಯುತ್ತಿದ್ದವು. ಆಮೇಲೆ ಮೈ ಕೆಂಡವಾಗಿ, ಏನೇನೋ ಬಡಬಡಿಸುತ್ತಿದ್ದ. ಮರಿಲಿಂಗಪ್ಪ ಬಂದು ನೋಡಿ ಕೈಮುಗಿದ. “ಗುರು ಮೈಮ್ಯಾಲ ಬಂದಾನ,” ಎಂದ. ಊರು ಬಂದು ಹುಲಗಪ್ಪನ ಕಾಲಿಗೆ ಬಿತ್ತು.

ನಿಜ ಹೇಳಬೇಕೆಂದರೆ, ಅವನ ಹೆಂಡತಿ ಶಂಕ್ರಮ್ಮನಿಗೆ ಇದು ಸೇರಿತು. ಭಾವಿಯ ಹತ್ತಿರ ಹೆಂಗಸರು ಅವಳಿಗೆ ಮೊದಲು ನೀರು ಸೇದಲು ಬಿಡುತ್ತಿದ್ದರು. ಕುರಿ ಕಾಯುವವನ ಹೆಂಡತಿ ಎಂದವರೆಲ್ಲ ಈಗ ಶರಣನ ಹೆಂಡತಿ ಎನ್ನುತ್ತಿದ್ದರು. ಯಾವ ಹೆಂಗಸಿಗೆ ಬೇಡ ಹೇಳಿ?

ಪಕ್ಕದ ಮನೆ ಮದೀನಾಬೀಯದು. ಅವಳ ಗಂಡ ಮಕ್ತುಮಸಾಬ, ಮಲೇರಿಯಾ ಇಲಾಖೆಯವರ ಸೊಳ್ಳೆ ಮದ್ದಿನ ಪಂಪು ಹೊತ್ತು ಊರೂರು ತಿರುಗುವವನು. ಒಂದು ದಿನ ಅವಳು ಶಂಕ್ರಮ್ಮನ ಹಿತ್ತಲಿಗೆ ಬಂದು ಕೂತಳು.

“ಶಂಕ್ರಕ್ಕಾ, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಅಣ್ಣಗ ನಡುಕ ಯಾವಾಗ ಬರ್ತದ?”

“ದಿನಾ ಬಿಟ್ಟು ದಿನಾ. ದನ ನೀರಿಗಿ ಹೋಗೋ ಹೊತ್ತಿಗಿ.”

“ಮೊದಲ ಚಳಿ, ಆಮ್ಯಾಲ ಸುಡು, ಆಮ್ಯಾಲ ಬೆವರು. ಹೌದಿಲ್ಲೊ?”

“ನಿನಗ ಹ್ಯಾಂಗ ಗೊತ್ತಾತು?”

“ದೇವರು ಹೊತ್ತು ನೋಡ್ಕೊಂಡು ಬರ್ತಾನೇನಕ್ಕಾ? ಹೊತ್ತು ನೋಡ್ಕೊಂಡು ಬರೋದು ಚಳಿಜ್ವರ. ನನ್ನ ಕೂಸಿಗೂ ಹಿಂಗೇ ಬಂದಿತ್ತು. ಗುಳಿಗಿ ಹಾಕಿದಿವಿ, ಉಳೀತು.”

ಶಂಕ್ರಮ್ಮನ ಮುಖ ಕೆಂಪಾಯಿತು. “ನಮ್ಮ ಮನಿಗಿ ಗುರು ಬಂದದ್ದು ನಿನಗ ಹೊಟ್ಟಿಕಿಚ್ಚೇನ? ಅಂವ ಪ್ರಸಾದ ಕುಡದಾನ, ಅದಕ್ಕ ಹಂಗ ಆಗ್ಯದ.”

“ಪ್ರಸಾದ ಕುಡದು ದಿನಾ ಎಷ್ಟಾದ್ವು? ಅದರ ನಿಶಾ ಮರುದಿನಕ್ಕ ಇಳೀತದ. ನಡುಕ ಯಾಕ ಇಳಿವಲ್ದು?” ಮದೀನಾಬೀ ದನಿ ಏರಿಸಲಿಲ್ಲ. “ನಿಶಾದಾಗ ಇದ್ದಾಂವಗ ಗುಂಗಾಡಿ ಕಚ್ಚಿದ್ದು ತಿಳಿಯಂಗಿಲ್ಲ. ತಿಳೀಲಿಲ್ಲ ಅಂದ್ರ ಕಚ್ಚಿಲ್ಲ ಅಂತಲ್ಲಕ್ಕಾ. ಬರಿಮೈಲೆ ಮಡುವಿನ ದಂಡಿಗಿ ರಾತ್ರಿಯೆಲ್ಲಾ ಕುಂತ್ರ ಅವು ಸುಮ್ನ ಬಿಡ್ತಾವೇನ? ಜ್ವರ ಅವತ್ತೇ ಬರಂಗಿಲ್ಲ, ಹತ್ತು ಹನ್ನೆರಡು ದಿನ ಬಿಟ್ಟು ಏಳ್ತದ. ಅದಕ್ಕ ನಿಮಗ ಗುರ್ತು ಹತ್ತಿಲ್ಲ.”

ಶಂಕ್ರಮ್ಮ ಸೀರೆ ಕೊಡವಿ ಎದ್ದು ಒಳಗೆ ಹೋದಳು.

ಮುಂದಿನ ನಡುಕದ ದಿನ ಅಂಬವ್ವ ಕಾಯಿ, ಊದಿನಕಡ್ಡಿ ಹಿಡಿದು ಬಂದಳು. ಅವಳ ಒಬ್ಬನೇ ಮಗ ಮಲ್ಕಪ್ಪ ಹಿಂದಿನ ವರ್ಷ ತೀರಿಕೊಂಡಿದ್ದ. ಅವನೂ ಕಟ್ಟೆಯ ಮೇಲೆ ಕೂಡುತ್ತಿದ್ದವನೇ. ಗುರುವಿನಲ್ಲಿ ಐಕ್ಯನಾದ ಎಂದು ಗದ್ದುಗೆಯ ಹತ್ತಿರವೇ ಮಣ್ಣು ಕೊಟ್ಟಿದ್ದರು. ಮುದುಕಿ ಹುಲಗಪ್ಪನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

“ನಮ್ಮ ಮಲ್ಕಪ್ಪಗೂ ಹಿಂಗೇ ನೋಡವ್ವ. ಹಿಂಗೇ ಹಲ್ಲು ಕಡೀತಿದ್ದ. ಎಡಕ್ಕ ಹೊಟ್ಟಿ ಕಲ್ಲಾಗಿತ್ತು. ಕಡೀಕ ಕಣ್ಣು ಹಳದಿ ಆದ್ವು. ಪುಣ್ಯವಂತ, ಗುರು ಲಗೂನ ಕರಕೊಂಡ.”

ಅವಳು ಸಮಾಧಾನಕ್ಕೆ ಹೇಳಿದ ಮಾತದು. ಶಂಕ್ರಮ್ಮ ಮೆಲ್ಲಗೆ ಕಂಬಳಿಯೊಳಗೆ ಕೈ ಹಾಕಿ ಗಂಡನ ಪಕ್ಕೆಲುಬಿನ ಕೆಳಗೆ, ಎಡಕ್ಕೆ, ಒತ್ತಿ ನೋಡಿದಳು. ಕಲ್ಲಿನಂಥ ಗಡ್ಡೆ ಕೈಗೆ ಹತ್ತಿತು. ಶರಣನ ಹೆಂಡತಿಯಾಗುವ ಆಸೆ ಅಲ್ಲೇ ಸತ್ತುಹೋಯಿತು.

“ಯವ್ವಾ, ಮಲ್ಕಪ್ಪನ್ನ ದವಾಖಾನಿಗಿ ಒಯ್ದಿದ್ರೇನ?”

“ದೇವರಿಗಿ ಎಲ್ಲೀ ದವಾಖಾನಿ ತಂಗಿ?” ಎಂದಳು ಅಂಬವ್ವ. ಆಡಿದ ಮಾತು ತನಗೇ ಚುಚ್ಚಿದಂತಾಗಿ, ಒಡೆಯಲೆಂದು ತಂದ ಕಾಯನ್ನು ಒಡೆಯದೆ ಸೆರಗಿಗೆ ಕಟ್ಟಿಕೊಂಡಳು.

ಶಂಕ್ರಮ್ಮ ಓಡಿಹೋಗಿ ಮದೀನಾಬೀಯ ಬಾಗಿಲು ಬಡಿದಳು. ಮಕ್ತುಮಸಾಬ ಮನೆಯಲ್ಲೇ ಇದ್ದ. ಕೂಡಲೇ ಗಾಡಿ ಹೂಡಿದ. ಹುಲಗಪ್ಪನನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸುವಷ್ಟರಲ್ಲಿ ಮರಿಲಿಂಗಪ್ಪ ಬಂದು ಎತ್ತಿನ ಮುಂದೆ ನಿಂತ.

“ಎಲ್ಲಿಗಿ ಒಯ್ತೀರಿ? ಬಂದ ಗುರುವಿಗಿ ಸೂಜಿ ಚುಚ್ಚಿಸಿ ಓಡಿಸ್ತೀರೇನ?”

“ಯಜ್ಜಾ, ಗುರು ಇದ್ರ ಸೂಜಿಗಿ ಅಂಜಂಗಿಲ್ಲ,” ಎಂದಳು ಶಂಕ್ರಮ್ಮ. “ಜ್ವರ ಇದ್ರ ನನ್ನ ಗಂಡ ಉಳೀತಾನ. ದಾರಿ ಬಿಡು.”

“ಊರಿಗಿ ಕೇಡು ಬಂತಂದ್ರ ಯಾರು ಹೊಣಿ?”

ಆಗ ಅಂಬವ್ವ ಮುಂದೆ ಬಂದಳು. ಊರಿನಲ್ಲಿ ಯಾರೂ ಆ ಮುದುಕಿ ದನಿ ಎತ್ತಿದ್ದನ್ನು ಕೇಳಿರಲಿಲ್ಲ.

“ನನ್ನ ಮಗನ್ನ ನೀ ಶರಣ ಮಾಡಿದಿ, ಮರಿಲಿಂಗಪ್ಪ. ನಾ ದಿನಾ ಹೋಗಿ ದೀಪಾ ಹಚ್ಚಾಕತ್ತೀನಿ. ನನಗ ಶರಣ ಬೇಕಾಗಿದ್ದಿಲ್ಲೋ, ಮಗ ಬೇಕಾಗಿದ್ದ. ಆ ಕಡಿ ಸರಿ.”

ಮರಿಲಿಂಗಪ್ಪ ಸರಿದ.

ಸುರಪುರದ ದವಾಖಾನೆಯಲ್ಲಿ ಡಾಕ್ಟರು ಹೊಟ್ಟೆ ಒತ್ತಿ ನೋಡಿದರು. ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ಗಾಜಿನ ಮೇಲೆ ತೆಗೆದರು. ಮಲೇರಿಯಾ ಎಂದರು. ಜ್ವರಗಡ್ಡೆ ಬೆಳೆದಿದೆ, ಇನ್ನೂ ತಡ ಮಾಡಿದ್ದರೆ ಜೀವಕ್ಕೆ ಬರುತ್ತಿತ್ತು ಎಂದರು. ಗುಳಿಗೆ ಕೊಟ್ಟು, ನಡುಕ ನಿಂತಿತೆಂದು ನಡುವೆ ಬಿಡಬೇಡಿ, ಕೊಟ್ಟಷ್ಟನ್ನೂ ಮುಗಿಸಿ ಎಂದು ಎರಡೆರಡು ಸಲ ಹೇಳಿದರು. ಭಂಗಿ ಬಿಟ್ಟರೆ ಎಲ್ಲಕ್ಕಿಂತ ಒಳ್ಳೆಯದು ಎಂದೂ ಹೇಳಿದರು. ವಾರ ಕಳೆಯುವುದರೊಳಗೆ ಹುಲಗಪ್ಪ ಎದ್ದು ಕೂತು ರೊಟ್ಟಿ ಕೇಳಿದ. ಶಂಕ್ರಮ್ಮ ರೊಟ್ಟಿ ಬಡಿಯುತ್ತ ಅತ್ತಳು.

ಮಕ್ತುಮಸಾಬನ ಜೊತೆಯವರು ಬಂದು ಮಡುವಿನ ನೀರು ಹೊಳೆಗೆ ಹರಿದು ಹೋಗಲೆಂದು ಕಾಲುವೆ ತೋಡಿದರು, ಮನೆಮನೆಯ ಗೋಡೆಗೆ ಮದ್ದು ಹೊಡೆದರು. ಹಿಂದೆ ವಾಸನೆ ಎಂದು ಮದ್ದಿನ ಮೇಲೆಯೇ ಸೆಗಣಿ ಸಾರಿಸಿಬಿಡುತ್ತಿದ್ದ ಶಂಕ್ರಮ್ಮ, ಈ ಸಲ ಗೋಡೆ ಮುಟ್ಟಲಿಲ್ಲ.

ಮೇಳ ಮತ್ತೆ ಕೂಡಿದ್ದು ಮುಂದಿನ ಅಮಾವಾಸ್ಯೆಗೆ. ಹೊತ್ತು ಮುಳುಗುವ ಮೊದಲೇ ಅಂಬವ್ವ ಕಟ್ಟೆಗೆ ಬಂದಳು. ತಲೆಯ ಮೇಲೆ ಕಂಬಳಿಗಳ ಹೊರೆ. ಒಬ್ಬೊಬ್ಬರಿಗೂ ಹೊದಿಸುತ್ತ ಬಂದಳು. ಬೇಡ ಎನ್ನಲು ಯಾರಿಗೂ ಧೈರ್ಯ ಬರಲಿಲ್ಲ. ಕೊನೆಗೆ ಬರಿಮೈಯಲ್ಲಿ ಉಳಿದವನು ಮರಿಲಿಂಗಪ್ಪ ಒಬ್ಬನೇ. ಅವನು ತಲೆ ತಗ್ಗಿಸಿದ್ದ.

“ಹೊದ್ದುಕೊ,” ಎಂದಳು ಅಂಬವ್ವ. “ನೀನೂ ಒಬ್ಬಾಕಿ ಹಡೆದ ಮಗ ಇದ್ದಿ.”

ಅವನು ಎರಡೂ ಕೈ ಚಾಚಿ ಕಂಬಳಿ ತೆಗೆದುಕೊಂಡ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಲ್ಲೂ ಇಂಥ ಕಟ್ಟೆ ಇದ್ದೀತು. ನಿಮ್ಮ ಭಕ್ತಿಯ ಜೊತೆ ನಮ್ಮ ಜಗಳವಿಲ್ಲ. ನಿಶೆ ಬೇಡವೇ ಬೇಡ, ಗುರುವಿಗೆ ಹಾಡು ಸಾಕು. ಬಯಲಲ್ಲಿ ಕೂಡುವವರು ನಿಂತ ನೀರಿನಿಂದ ದೂರ ಕೂಡಿರಿ, ಮೈ ತುಂಬ ಹೊದ್ದುಕೊಳ್ಳಿರಿ, ಬೇವಿನ ಸೊಪ್ಪಿನ ಹೊಗೆ ಹಾಕಿರಿ, ಮಲಗುವಾಗ ಪರದೆ ಕಟ್ಟಿರಿ. ಮಾತು ಕೇಳದೆ ಕುಡಿಯುವವರಿದ್ದರೆ, ಏನೂ ಕುಡಿಯದ ಒಬ್ಬರು ಜೊತೆಗಿದ್ದು ಉಳಿದವರ ಮೈಮೇಲೆ ನಿಗಾ ಇಡಲಿ. ಮನೆಗೆ ಮದ್ದು ಹೊಡೆಯುವವರು ಬಂದರೆ ಬಾಗಿಲು ತೆರೆಯಿರಿ. ಚಳಿ ಹತ್ತಿ ನಡುಗುವವರನ್ನು ಕಂಡಾಗ ಕಾಯಿ ಒಡೆಯುತ್ತ ನಿಲ್ಲಬೇಡಿರಿ. ಅದೇ ದಿನ ಗಾಡಿ ಹೂಡಿ ದವಾಖಾನೆಗೆ ಒಯ್ಯಿರಿ, ರಕ್ತ ತೋರಿಸಿರಿ. ಗುರು ಎಲ್ಲಿಗೂ ಹೋಗುವುದಿಲ್ಲ, ನಿಮ್ಮ ಮಗ ಗುಣವಾಗಿ ಮನೆಗೆ ಬರುವ ತನಕ ಕಾಯುತ್ತಾನೆ.